ಹಾರಂಗಿ ಹಿನ್ನೀರಿನ ಬೋಟಿಗೆ ಹೊಸ ಡಿಸ್‌ಪ್ಲೇ: ಹಳೆಯ ಎನ್‌ಎಂಇಎ 0183 ಉಪಕರಣಗಳನ್ನು ಎನ್‌ಎಂಇಎ 2000ಕ್ಕೆ ಸೇರಿಸುವ ಪ್ರಶ್ನೋತ್ತರ

ಪ್ರಶ್ನೆ (ಕುಶಾಲನಗರ): ನಮಸ್ಕಾರ ಸರ್. ಹಾರಂಗಿ ಹಿನ್ನೀರಿನಲ್ಲಿ ಓಡುವ 22 ಅಡಿ ಫೈಬರ್ ಬೋಟ್, 12 ವೋಲ್ಟ್. ಆಳ ತೋರಿಸುವ ಹಳೆಯ ಎಕೋ ಸೌಂಡರ್ ಒಂದಿದೆ, ಹಳೆಯ ಜಿಪಿಎಸ್ ಒಂದಿದೆ. ಎರಡೂ ಎನ್‌ಎಂಇಎ 0183, ಅಂದರೆ ಬೋಟಿನ ಉಪಕರಣಗಳು ಪರಸ್ಪರ ಮಾಹಿತಿ ಕಳಿಸುವ ಹಳೆಯ ಪದ್ಧತಿಯವು. ಈಗ ತಂದಿರುವ ಹೊಸ ಡಿಸ್‌ಪ್ಲೇ ಹಿಂದೆ ಹೊಸ ಪದ್ಧತಿಯಾದ ಎನ್‌ಎಂಇಎ 2000ರ ಐದು ಪಿನ್ನಿನ ಸಾಕೆಟ್ ಮಾತ್ರ ಇದೆ. ಸೌಂಡರ್ ಚೆನ್ನಾಗಿಯೇ ಕೆಲಸ ಮಾಡುತ್ತಿರುವುದರಿಂದ ಬಿಸಾಡಲು ಮನಸ್ಸಿಲ್ಲ. ವೈರ್ ಕತ್ತರಿಸಿ ಐದು ಪಿನ್ನಿನ ಪ್ಲಗ್ ಹಾಕಿದರೆ ಆಗುತ್ತದೆಯೇ?

ಉತ್ತರ (ಮರೈನ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞ, ಮಂಗಳೂರು): ನಮಸ್ಕಾರ. ಆಗುವುದಿಲ್ಲ, ಮಾಡಲೂಬೇಡಿ. 0183ರಲ್ಲಿ ಒಂದು ಉಪಕರಣ ಒಂದು ಜೋಡಿ ವೈರಿನ ಮೇಲೆ ಸೆಕೆಂಡಿಗೆ 4800 ಬಿಟ್ ವೇಗದಲ್ಲಿ ಅಕ್ಷರ ಸಾಲುಗಳನ್ನು ಕಳಿಸುತ್ತಾ ಹೋಗುತ್ತದೆ, ಉಳಿದವು ಕೇಳುತ್ತವೆ. 2000 ಎಂಬುದು ಲಾರಿ, ಕಾರುಗಳ ಒಳಗಿನ ಉಪಕರಣಗಳನ್ನು ಜೋಡಿಸುವ ‘ಕ್ಯಾನ್ ಬಸ್’ ಎಂಬ ಜಾಲದ ವಂಶ. ವೇಗ 250 ಕಿಲೋಬಿಟ್, ಒಂದೇ ಕೇಬಲ್ ಮೇಲೆ ಎಲ್ಲ ಉಪಕರಣಗಳೂ ಆದ್ಯತೆಯ ಪ್ರಕಾರ ಮಾತಾಡುತ್ತವೆ. ಹಳೆಯ ಸೌಂಡರಿನ ವೈರನ್ನು ನೇರ ಸಿಕ್ಕಿಸಿದರೆ ಇಡೀ ಜಾಲ ಸತ್ತುಹೋಗುತ್ತದೆ. ಪಿನ್ ತಪ್ಪಿ 12 ವೋಲ್ಟ್ ತಾಗಿದರೆ ಸೌಂಡರಿನ ಪೋರ್ಟೇ ಸುಡುತ್ತದೆ.

ನಡುವೆ ಗೇಟ್‌ವೇ, ಅಂದರೆ 0183ರ ಮಾತನ್ನು 2000ಕ್ಕೆ ಪರಿವರ್ತಿಸುವ ಉಪಕರಣ, ಬೇಕು. ಆಕ್ಟಿಸೆನ್ಸ್, ಯಾಟ್ ಡಿವೈಸಸ್ ಮುಂತಾದವರದ್ದು ಸಿಗುತ್ತದೆ. ಕೊಳ್ಳುವಾಗ ಎರಡು ವಿಷಯ ನೋಡಿ: 0183 ಕಡೆ ಐಸೊಲೇಶನ್ (ಎರಡು ಕಡೆಯ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸುವ ವ್ಯವಸ್ಥೆ) ಇರಬೇಕು, ಮತ್ತು ನಿಮಗೆ ಬೇಕಾದ ವಾಕ್ಯಗಳು (0183ರ ಅಕ್ಷರ ಸಾಲುಗಳು) ಅದರ ಪರಿವರ್ತನೆ ಪಟ್ಟಿಯಲ್ಲಿರಬೇಕು. ಆಳಕ್ಕೆ ಡಿಬಿಟಿ ಅಥವಾ ಡಿಪಿಟಿ ವಾಕ್ಯ ಹೋಗಿ ಪಿಜಿಎನ್ (2000ರ ಸಂದೇಶದ ಸಂಖ್ಯೆ) 128267 ಆಗಿ ಹೊರಬರಬೇಕು. ಜಿಪಿಎಸ್‌ನ ಆರ್‌ಎಂಸಿ ವಾಕ್ಯ 129025 (ಸ್ಥಾನ) ಮತ್ತು 129026 (ದಿಕ್ಕು, ವೇಗ) ಆಗುತ್ತದೆ. ಜಿಜಿಎ ವಾಕ್ಯ ಇದ್ದರೆ 129029 (ವಿವರವಾದ ಸ್ಥಾನ) ಕೂಡ ಬರುತ್ತದೆ.

ನಿಮ್ಮಲ್ಲಿ ನಿಜವಾದ ತೊಡಕು ಬೇರೆ. ಸೌಂಡರ್, ಜಿಪಿಎಸ್ ಎರಡೂ ಮಾತಾಡುವ ಉಪಕರಣಗಳು. ಎರಡರ ಔಟ್‌ಪುಟ್ ವೈರುಗಳನ್ನು ಸೇರಿಸಿ ಗೇಟ್‌ವೇಯ ಒಂದು ಇನ್‌ಪುಟ್ಟಿಗೆ ಕೊಡುವ ಹಾಗಿಲ್ಲ. ಒಂದರ ಅಕ್ಷರದ ಮೇಲೆ ಇನ್ನೊಂದರ ಅಕ್ಷರ ಬಿದ್ದು ಚೆಕ್‌ಸಮ್ (ಸಾಲು ಸರಿಯಿದೆಯೇ ಎಂದು ನೋಡುವ ಅಂಕಿ) ತಪ್ಪುತ್ತದೆ, ಗೇಟ್‌ವೇ ಎಲ್ಲವನ್ನೂ ಎಸೆಯುತ್ತದೆ. ಎರಡೂ ಬೇಕೇಬೇಕೆಂದರೆ ಮಧ್ಯೆ ಎರಡನ್ನೂ ಒಂದೇ ಲೈನಿಗೆ ಸೇರಿಸುವ ಮಲ್ಟಿಪ್ಲೆಕ್ಸರ್ ಹಾಕಬೇಕು: ಒಳಗೆ 4800 ಬಿಟ್‌ನ ಎರಡು ಲೈನ್, ಹೊರಗೆ 38400 ಬಿಟ್‌ನ ಒಂದು ಲೈನ್. ಆದರೆ ಹೊಸ ಡಿಸ್‌ಪ್ಲೇ ಒಳಗೇ ಜಿಪಿಎಸ್ ಇದ್ದರೆ ಹಳೆಯ ಜಿಪಿಎಸ್ ಅನ್ನು ಜಾಲಕ್ಕೆ ಸೇರಿಸಬೇಡಿ ಎಂಬುದು ನನ್ನ ಸಲಹೆ. ಅದು ಪ್ರತ್ಯೇಕವಾಗಿ, ತನ್ನದೇ ಪರದೆಯೊಂದಿಗೆ ಇರಲಿ. ಡಿಸ್‌ಪ್ಲೇ ಕೈಕೊಟ್ಟ ದಿನ ಅದು ನಿಮಗೆ ದಾರಿ ತೋರಿಸುತ್ತದೆ. ಸೌಂಡರ್ ಒಂದನ್ನೇ ಗೇಟ್‌ವೇಗೆ ಕೊಡಿ.

ಕುಶಾಲನಗರ: ಡಿಸ್‌ಪ್ಲೇಯಲ್ಲಿ ಜಿಪಿಎಸ್ ಇದೆ ಸರ್. ಹಾಗಾದರೆ ಸೌಂಡರ್ ಒಂದೇ. ಅದರಿಂದ ಬರುವುದು ಬಿಳಿ, ಕಂದು, ಮತ್ತೆ ಬಲೆಯಂಥ ಶೀಲ್ಡ್. ಗೇಟ್‌ವೇ ಕಡೆ ಇನ್ ಎ, ಇನ್ ಬಿ, ಔಟ್ ಎ, ಔಟ್ ಬಿ ಅಂತ ನಾಲ್ಕು. ಬಣ್ಣ ಹೊಂದಿಸಿ ಕೊಡಲೇ?

ಉತ್ತರ: ಬಣ್ಣ ನಂಬಬೇಡಿ, 0183ಕ್ಕೆ ಎಲ್ಲ ಕಂಪನಿಗೂ ಒಪ್ಪಿಗೆಯಾದ ಬಣ್ಣಗಳಿಲ್ಲ. ಮೊದಲು ಕೈಪಿಡಿ ನೋಡಿ. ಇಲ್ಲದಿದ್ದರೆ ಮಲ್ಟಿಮೀಟರ್ ಸಾಕು.

ಹಳೆಯ ಸೌಂಡರುಗಳಲ್ಲಿ ಎರಡು ಬಗೆ. 0183ರ ಆವೃತ್ತಿ 2.0ರಿಂದ ಈಚೆಗಿನವು ಆರ್‌ಎಸ್-422, ಅಂದರೆ ಎ, ಬಿ ಎಂಬ ಎರಡು ಸಿಗ್ನಲ್ ವೈರು. ಅದಕ್ಕಿಂತ ಹಿಂದಿನವುಗಳಲ್ಲಿ ಸಿಗ್ನಲ್ ವೈರ್ ಒಂದೇ, ಇನ್ನೊಂದು ಗ್ರೌಂಡ್. ಗುರುತಿಸಲು: ಸೌಂಡರ್ ಆಫ್ ಮಾಡಿ, ಬ್ಯಾಟರಿಯಿಂದ ಬಿಡಿಸಿ, ಪ್ರತಿ ಸಿಗ್ನಲ್ ವೈರ್ ಮತ್ತು ಸೌಂಡರಿನ ಮೈನಸ್ ನಡುವೆ ಓಮ್ ಅಳೆಯಿರಿ. ಒಂದು ವೈರ್ ಸೊನ್ನೆಗೆ ಹತ್ತಿರ ತೋರಿಸಿದರೆ ಅದು ಗ್ರೌಂಡ್, ನಿಮ್ಮದು ಒಂಟಿ ಸಿಗ್ನಲ್ ಬಗೆ ಎಂದರ್ಥ. ಆಗ ಸಿಗ್ನಲ್ ವೈರ್ ಇನ್ ಎಗೆ, ಗ್ರೌಂಡ್ ಇನ್ ಬಿಗೆ.

ಎರಡೂ ವೈರ್ ಸೊನ್ನೆ ತೋರಿಸದಿದ್ದರೆ ಸೌಂಡರ್ ಆನ್ ಮಾಡಿ, ಆ ಎರಡರ ನಡುವೆ ಡಿಸಿ ವೋಲ್ಟ್ ನೋಡಿ. ಸಾಲುಗಳ ನಡುವಿನ ಬಿಡುವಿನಲ್ಲಿ ಬಿಗಿಂತ ಎ ಋಣದಲ್ಲಿರಬೇಕು ಎಂಬುದು ನಿಯಮ. ಕೆಂಪು ಕಡ್ಡಿ ಎ ಮೇಲೆ, ಕಪ್ಪು ಬಿ ಮೇಲೆ ಇದ್ದಾಗ ಮೀಟರ್ ಹೆಚ್ಚು ಹೊತ್ತು ಮೈನಸ್ ತೋರಿಸಿ ಆಗಾಗ ಅಲುಗುತ್ತದೆ. ಪ್ಲಸ್ ತೋರಿಸಿದರೆ ಎ, ಬಿ ಅದಲುಬದಲಾಗಿವೆ. ಅದಲುಬದಲಾದರೆ ಏನೂ ಸುಡುವುದಿಲ್ಲ, ಆದರೆ ಗೇಟ್‌ವೇಗೆ ಅರ್ಥವಿಲ್ಲದ ಅಕ್ಷರಗಳು ಸಿಗುತ್ತವೆ, ಡಿಸ್‌ಪ್ಲೇಯಲ್ಲಿ ಆಳದ ಜಾಗದಲ್ಲಿ ಗೆರೆಗಳಷ್ಟೇ ಉಳಿಯುತ್ತವೆ.

ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ. ಎರಡೂ ತುದಿಗೆ ಕಟ್ಟಿದರೆ ಐಸೊಲೇಶನ್ನಿಗೆ ಕೊಟ್ಟ ಹಣ ನೀರಿಗೆ ಹಾಕಿದಂತೆ.

ಔಟ್ ಎ, ಔಟ್ ಬಿ ನಿಮಗೆ ಈಗ ಬೇಡ. ತುದಿಗಳನ್ನು ಬೇರೆಬೇರೆಯಾಗಿ ಇನ್ಸುಲೇಟ್ ಮಾಡಿ ಬಿಡಿ. ಮುಂದೆ ಯಾವುದಾದರೂ ಹಳೆಯ ಒಂಟಿ ಸಿಗ್ನಲ್ ಉಪಕರಣಕ್ಕೆ ಮಾಹಿತಿ ಕಳಿಸಬೇಕಾದರೆ ಔಟ್ ಎ ಅದರ ಇನ್‌ಪುಟ್ಟಿಗೆ, ಗೇಟ್‌ವೇಯ ಗ್ರೌಂಡ್ ಅದರ ಗ್ರೌಂಡಿಗೆ. ಕೈಪಿಡಿ ಸ್ಪಷ್ಟವಾಗಿ ಹೇಳದ ಹೊರತು ಔಟ್ ಬಿಯನ್ನು ಗ್ರೌಂಡಿಗೆ ಕಟ್ಟಬೇಡಿ. ಹಾಗೆ ಕಟ್ಟಿದರೆ ಡ್ರೈವರ್ ಚಿಪ್ಪಿನ ಒಂದು ಕಾಲನ್ನು ಶಾರ್ಟ್ ಮಾಡಿದಂತಾಗುತ್ತದೆ.

ಪ್ರಶ್ನೆ (ಮಡಿಕೇರಿ, ಎಲೆಕ್ಟ್ರಿಷಿಯನ್): ಸರ್, ಆ ಬೋಟಿನ ಕೆಲಸ ಮಾಡುವವನು ನಾನೇ. 2000 ಕಡೆಯ ಕೇಬಲ್ ಹೇಗೆ ಎಳೆಯಬೇಕು? ಡಿಸ್‌ಪ್ಲೇಯಿಂದ ಗೇಟ್‌ವೇಗೆ ಒಂದೇ ನೇರ ಕೇಬಲ್ ಸಾಲದೇ? ಏನೇನು ತರಿಸಬೇಕು?

ಉತ್ತರ: ಸಾಲದು. ಎರಡೇ ಉಪಕರಣ ಇದ್ದರೂ ಬೆನ್ನೆಲುಬಿನಂಥ ಮುಖ್ಯ ಕೇಬಲ್ (ಬ್ಯಾಕ್‌ಬೋನ್) ಬೇಕು, ಅದರ ಎರಡೂ ತುದಿಗೆ 120 ಓಮ್ ಟರ್ಮಿನೇಟರ್ (ತುದಿಯ ರೋಧಕ) ಬೇಕು. ತರಿಸಬೇಕಾದ್ದು: ಟಿ-ಕನೆಕ್ಟರ್ 4 (ಡಿಸ್‌ಪ್ಲೇ, ಗೇಟ್‌ವೇ, ಪವರ್, ಮುಂದೆ ಎಂಜಿನ್ನಿಗೆ ಒಂದು), ಟರ್ಮಿನೇಟರ್ 2 (ಒಂದು ಗಂಡು, ಒಂದು ಹೆಣ್ಣು), ಫ್ಯೂಸ್ ಸಮೇತ ಪವರ್ ಕೇಬಲ್ 1, ಡಿಸ್‌ಪ್ಲೇಗೆ 2 ಮೀಟರ್ ಡ್ರಾಪ್ ಕೇಬಲ್ (ಟಿಯಿಂದ ಉಪಕರಣಕ್ಕೆ ಹೋಗುವ ಕವಲು) 1. ಎಲ್ಲ ಟಿಗಳೂ ಡ್ಯಾಶ್ ಹಿಂದೆ ಒಂದೇ ಕಡೆ ಕೂರುವುದಾದರೆ ಬ್ಯಾಕ್‌ಬೋನ್ ಕೇಬಲ್ ಬೇರೆ ಬೇಡ, ಟಿಗಳನ್ನೇ ಒಂದಕ್ಕೊಂದು ತಿರುಗಿಸಿ ಸೇರಿಸಬಹುದು. ಖಾಲಿ ಉಳಿದ ಟಿಗೆ ಮುಚ್ಚಳ ಹಾಕಿ, ಟರ್ಮಿನೇಟರ್ ಅಲ್ಲ.

ಮಿತಿಗಳು ಇವು. ತೆಳು ಕೇಬಲ್ಲಿನಲ್ಲಿ ಬ್ಯಾಕ್‌ಬೋನ್ 100 ಮೀಟರ್ ಮೀರಬಾರದು, ಒಂದು ಡ್ರಾಪ್ 6 ಮೀಟರ್, ಎಲ್ಲ ಡ್ರಾಪ್ ಸೇರಿ 78 ಮೀಟರ್, ಉಪಕರಣ 50. ನಿಮ್ಮ 22 ಅಡಿಗೆ ಇದರ ಚಿಂತೆ ಇಲ್ಲ. ಆದರೆ ಡ್ರಾಪ್‌ನ ತುದಿಗೆ ಮತ್ತೊಂದು ಟಿ ಹಾಕಿ ಕೊಂಬೆಯ ಮೇಲೆ ಕೊಂಬೆ ಮಾಡುವುದು ಮನೆ ವೈರಿಂಗ್ ಮಾಡಿದ ಕೈಗೆ ಸಹಜವಾಗಿ ಬರುತ್ತದೆ. ಇಲ್ಲಿ ಅದು ಸಲ್ಲ.

ಪಿನ್ ಕ್ರಮ: 1 ಶೀಲ್ಡ್, 2 ಕೆಂಪು ಪ್ಲಸ್, 3 ಕಪ್ಪು ಮೈನಸ್, 4 ಬಿಳಿ ಕ್ಯಾನ್ ಹೈ, 5 ನೀಲಿ ಕ್ಯಾನ್ ಲೋ. ಜಾಲಕ್ಕೆ 9ರಿಂದ 16 ವೋಲ್ಟ್ ಬೇಕು, ಒಂದೇ ಕಡೆಯಿಂದ ಕೊಡಿ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಕೊಟ್ಟರೆ ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ 9ಕ್ಕಿಂತ ಕೆಳಗಿಳಿದು ಜಾಲವೆಲ್ಲ ಆರಿ ಹೊತ್ತುತ್ತದೆ, ಎರಡನೇ ಬ್ಯಾಟರಿ ಇದ್ದರೆ ಅಲ್ಲಿಂದ ಎಳೆಯಿರಿ. ಹಳೆಯ ಸೌಂಡರಿಗೆ ಕರೆಂಟನ್ನು ಈ ಕೇಬಲ್ಲಿನಿಂದ ಕದಿಯಬೇಡಿ, ಅದಕ್ಕೆ ತನ್ನದೇ ಫ್ಯೂಸ್, ತನ್ನದೇ ಲೈನ್.

ಉದ್ದದ ಬೋಟಿಗೆ ವೋಲ್ಟೇಜ್ ಇಳಿತದ ಲೆಕ್ಕ: ಕೇಬಲ್ಲಿನ ರೋಧ (ತೆಳುವಿಗೆ ಮೀಟರಿಗೆ ಸುಮಾರು 0.053 ಓಮ್) × ಮೀಟರ್ × ಒಟ್ಟು ಎಲ್‌ಇಎನ್ × 0.1. ಎಲ್‌ಇಎನ್ ಎಂಬುದು ಉಪಕರಣ ಎಳೆಯುವ ಕರೆಂಟಿನ ಅಳತೆ, 1 ಅಂದರೆ 50 ಮಿಲಿಆಂಪ್, ಪ್ರತಿ ಉಪಕರಣದ ಮೇಲೆ ಬರೆದಿರುತ್ತದೆ. 20 ಮೀಟರ್, ಒಟ್ಟು ಎಲ್‌ಇಎನ್ 10 ಆದರೆ ಸುಮಾರು 1.06 ವೋಲ್ಟ್ ಇಳಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ, ಪವರ್ ಕೊಡುವ ಮುಂಚೆ, ಖಾಲಿ ಟಿಯ 4 ಮತ್ತು 5ನೇ ಪಿನ್ನಿನ ನಡುವೆ ಓಮ್ ಅಳೆಯಿರಿ. 60 ಬಂದರೆ ಸರಿ. 120 ಬಂದರೆ ಒಂದು ಟರ್ಮಿನೇಟರ್ ಇಲ್ಲ ಅಥವಾ ಯಾವುದೋ ಟಿ ಸಡಿಲ. 40 ಬಂದರೆ ಎಲ್ಲೋ ಮೂರನೆಯದು ಸೇರಿದೆ. ಈ ಒಂದು ಅಳತೆ ಮಾಡದೆ ಮುಂದೆ ಹೋಗಲೇಬೇಡಿ. ಟರ್ಮಿನೇಟರ್ ಒಂದೇ ಇದ್ದಾಗಲೂ ಚಿಕ್ಕ ಜಾಲ ಅಂಗಳದಲ್ಲಿ ಕೆಲಸ ಮಾಡಿಬಿಡುತ್ತದೆ, ನೀರಿಗಿಳಿದು ಎಂಜಿನ್ ಚಾಲೂ ಆದ ಮೇಲೆ ಆಳ ಬಂದು ಬಂದು ಹೋಗಲು ಶುರುವಾಗುತ್ತದೆ. ಆಗ ಎಲ್ಲರೂ ಗೇಟ್‌ವೇಯನ್ನೇ ಬೈಯುತ್ತಾರೆ.

ಪವರ್ ಕೊಟ್ಟ ಮೇಲೆ 3ನೇ ಪಿನ್ನಿಗೆ ಹೋಲಿಸಿದರೆ 4 ಮತ್ತು 5 ಎರಡೂ 2.5 ವೋಲ್ಟಿನ ಆಸುಪಾಸಿನಲ್ಲಿ, 4 ಸ್ವಲ್ಪ ಮೇಲೆ, 5 ಸ್ವಲ್ಪ ಕೆಳಗೆ ಇರಬೇಕು.

ಮಡಿಕೇರಿ: ಎಂಜಿನ್ ಆರ್‌ಪಿಎಂ ಕೂಡ ಇದೇ ಡಿಸ್‌ಪ್ಲೇಯಲ್ಲಿ ಬರುತ್ತದೆಯೇ ಸರ್?

ಉತ್ತರ: ಎಂಜಿನ್ ಕಂಪನಿ ಕೊಡುವ 2000 ಇಂಟರ್‌ಫೇಸ್ ಕೇಬಲ್ ಇದ್ದರೆ ಬರುತ್ತದೆ, ಪಿಜಿಎನ್ 127488. ಎಂಜಿನ್ನಿನ ಒಳಜಾಲದ ಸಾಕೆಟ್ ನೋಡಲು ಹೋಲುತ್ತದೆ ಎಂದು ನೇರ ಸಿಕ್ಕಿಸಬೇಡಿ.

ಕುಶಾಲನಗರ: ಸೌಂಡರ್ ಪರದೆಯಲ್ಲಿ ಕಾಣುವ ತಳದ ಚಿತ್ರ, ಮೀನಿನ ಗುರುತು ಹೊಸ ಡಿಸ್‌ಪ್ಲೇಯಲ್ಲಿ ದೊಡ್ಡದಾಗಿ ಕಾಣುತ್ತದೆ ತಾನೇ?

ಉತ್ತರ: ಇಲ್ಲ. ಗೇಟ್‌ವೇ ಮೂಲಕ ದಾಟುವುದು ಆಳದ ಅಂಕಿ ಮಾತ್ರ. ಸೌಂಡರ್ ಕಳಿಸುತ್ತಿದ್ದರೆ ನೀರಿನ ಉಷ್ಣತೆಯೂ ದಾಟುತ್ತದೆ. ಚಿತ್ರಕ್ಕೆ 0183ರಲ್ಲೂ ಜಾಗವಿಲ್ಲ, 2000ರಲ್ಲೂ ಇಲ್ಲ. ಚಿತ್ರ ಬೇಕಾದರೆ ಟ್ರಾನ್ಸ್‌ಡ್ಯೂಸರ್ (ನೀರಿಗೆ ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ ಭಾಗ) ನೇರ ಡಿಸ್‌ಪ್ಲೇಗೆ ಹೋಗಬೇಕು, ಮತ್ತು ಅದು ಆ ಡಿಸ್‌ಪ್ಲೇಗೆ ಹೊಂದುವಂಥದ್ದಾಗಿರಬೇಕು. ಗೇಟ್‌ವೇಗೆ ಹಣ ಹಾಕುವ ಮೊದಲೇ ಇದನ್ನು ತೀರ್ಮಾನಿಸಿ. ನಿಮಗೆ ಮುಖ್ಯವಾದದ್ದು ಚಿತ್ರವೇ ಆದರೆ ಗೇಟ್‌ವೇ ಬಿಟ್ಟು ಹೊಸ ಟ್ರಾನ್ಸ್‌ಡ್ಯೂಸರ್ ಕೊಳ್ಳುವುದೇ ಲೇಸು.

ಪ್ರಶ್ನೆ (ಸೋಮವಾರಪೇಟೆ, ಸರ್ವೆ ಕೆಲಸ): ಇದೇ ಬೋಟನ್ನು ಹೂಳು ಅಳೆಯಲು ಬಳಸುವ ಯೋಚನೆ ಇದೆ. ಡಿಸ್‌ಪ್ಲೇಯಲ್ಲಿ ಬಂದ ಆಳವನ್ನೇ ದಾಖಲೆ ಮಾಡಿಕೊಳ್ಳಬಹುದೇ?

ಉತ್ತರ: ಬೋಟ್ ಓಡಿಸಲು ಸಾಕು, ಅಳತೆ ದಾಖಲೆಗೆ ಸಾಲದು. ಗೇಟ್‌ವೇ ದಾಟಿದ ಮೇಲೆ ಆಳ ಒಂದು ವಿಳಂಬದಲ್ಲಿ, ಸ್ಥಾನ ಇನ್ನೊಂದು ವಿಳಂಬದಲ್ಲಿ ಬರುತ್ತವೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡ್ ವ್ಯತ್ಯಾಸ ಎಂದರೆ 1.4 ಮೀಟರ್ ಜಾಗ ತಪ್ಪಿದಂತೆ. ಇನ್ನೊಂದು ವಿಷಯ, ಅನೇಕ ಹಳೆಯ ಸೌಂಡರುಗಳು ಡಿಬಿಟಿಯಲ್ಲಿ ಮೀಟರಿನ ಹತ್ತನೇ ಒಂದು ಭಾಗದವರೆಗೆ ಮಾತ್ರ ಕೊಡುತ್ತವೆ. 128267ರಲ್ಲಿ ಸೆಂಟಿಮೀಟರ್ ಸ್ಥಾನ ಇದ್ದರೂ ಅಲ್ಲಿ ತುಂಬುವುದು ಸೊನ್ನೆ.

ದಾಖಲೆಗೆ ಮೂಲದಿಂದಲೇ ಹಿಡಿಯಿರಿ. 0183ರಲ್ಲಿ ಒಂದು ಮಾತಾಡುವ ಉಪಕರಣಕ್ಕೆ ಹಲವು ಕೇಳುಗರಿರಬಹುದು, ಹಾಗಾಗಿ ಸೌಂಡರಿನ ಅದೇ ಎ, ಬಿಗೆ ಗೇಟ್‌ವೇ ಜೊತೆಗೆ ಐಸೊಲೇಶನ್ ಇರುವ ಯುಎಸ್‌ಬಿ–ಆರ್‌ಎಸ್-422 ಪರಿವರ್ತಕವನ್ನೂ ಸಮಾನಾಂತರ ಕಟ್ಟಿ ಲ್ಯಾಪ್‌ಟಾಪಿಗೆ ತನ್ನಿ. ಮೂಲೆಯಲ್ಲಿ ಕೂತ ಆ ಹಳೆಯ ಜಿಪಿಎಸ್ ಇಲ್ಲಿ ಕೆಲಸಕ್ಕೆ ಬರುತ್ತದೆ: ಇನ್ನೊಂದು ಪರಿವರ್ತಕದ ಮೂಲಕ ಜಿಜಿಎ ಸಾಲು, ಎರಡಕ್ಕೂ ಲ್ಯಾಪ್‌ಟಾಪಿನದೇ ಸಮಯ.

ಸೌಂಡರಿನ ಶಬ್ದವೇಗ ಸರಿಪಡಿಸಿ. ಸಮುದ್ರಕ್ಕಾಗಿ ಮಾಡಿದವು ಸೆಕೆಂಡಿಗೆ 1500 ಮೀಟರ್ ಎಂದು ಇಟ್ಟಿರುತ್ತವೆ. 20 ಡಿಗ್ರಿಯ ಸಿಹಿನೀರಿನಲ್ಲಿ ಅದು 1482, 25 ಡಿಗ್ರಿಗೆ 1497. ತಣ್ಣಗಿನ ದಿನ 20 ಮೀಟರ್ ಎಂದು ತೋರಿಸಿದರೆ ನಿಜವಾದದ್ದು 19.76, ಅಂದರೆ 24 ಸೆಂಟಿಮೀಟರ್ ಹೂಳು ಲೆಕ್ಕದಿಂದ ಮಾಯ. ಜೊತೆಗೆ ಆ ದಿನದ ಅಣೆಕಟ್ಟೆ ಮಟ್ಟ ಬರೆದುಕೊಳ್ಳದೆ ಆಳಕ್ಕೆ ಅರ್ಥವಿಲ್ಲ. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ, ಅದಕ್ಕಿಂತ ಎಷ್ಟು ಕೆಳಗಿದೆ ಎಂಬುದನ್ನು ಸೇರಿಸಿಯೇ ತಳದ ಎತ್ತರ ತೆಗೆಯಬೇಕು.

ಕುಶಾಲನಗರ: ಟ್ರಾನ್ಸ್‌ಡ್ಯೂಸರ್ ನೀರಿನೊಳಗೆ ಇಳಿದಿರುವಷ್ಟನ್ನು ಆಳಕ್ಕೆ ಸೇರಿಸುವ ಆಫ್‌ಸೆಟ್ ಎಲ್ಲಿ ಹಾಕಬೇಕು ಸರ್, ಸೌಂಡರಿನಲ್ಲೋ ಡಿಸ್‌ಪ್ಲೇಯಲ್ಲೋ?

ಉತ್ತರ: ಒಂದೇ ಕಡೆ. ಟ್ರಾನ್ಸ್‌ಡ್ಯೂಸರ್ ನೀರಿನ ಮೇಲ್ಮೈಯಿಂದ 40 ಸೆಂಟಿಮೀಟರ್ ಕೆಳಗಿದ್ದು ಎರಡೂ ಕಡೆ 0.4 ಹಾಕಿದರೆ, ಆಳ 40 ಸೆಂಟಿಮೀಟರ್ ಜಾಸ್ತಿ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಪ್ರೊಪೆಲ್ಲರ್ ಬಂಡೆಗೆ ತಾಗಲು ಅಷ್ಟು ಸಾಕು. ಡಿಬಿಟಿ ವಾಕ್ಯದಲ್ಲಿ ಆಫ್‌ಸೆಟ್ ಹೋಗುವುದಿಲ್ಲ, ಡಿಪಿಟಿಯಲ್ಲಿ ಹೋಗುತ್ತದೆ. ಸೌಂಡರ್ ಯಾವುದನ್ನು ಕಳಿಸುತ್ತಿದೆ ನೋಡಿ, ಆಮೇಲೆ ನಿಂತ ಬೋಟಿನಿಂದ ಗುರುತು ಹಾಕಿದ ಹಗ್ಗಕ್ಕೆ ತೂಕ ಕಟ್ಟಿ ಇಳಿಸಿ ತಾಳೆ ನೋಡಿ. ಡಿಸ್‌ಪ್ಲೇಯಲ್ಲಿ ಆಳದ ಮೂಲ ‘ಆಟೊ’ದಲ್ಲಿ ಬಿಡದೆ ಗೇಟ್‌ವೇಯನ್ನೇ ಆರಿಸಿಡಿ.

ಪ್ರಶ್ನೆ (ಸಿದ್ದಾಪುರ): ಅಣ್ಣ, ದುಬಾರೆ ಕಡೆ ಹೊಳೆಯಲ್ಲಿ ಓಡುವ ಬೋಟಿಗೂ ಇದೆಲ್ಲ ಮಾಡಿಸಬೇಕಾ? ನಮಗೆ ಬೇಕಿರುವುದು ಆಳ ಒಂದೇ.

ಉತ್ತರ: ಬೇಡ ತಮ್ಮಾ. ಒಂದೇ ಅಂಕಿಗಾಗಿ ಜಾಲ ಯಾಕೆ, 200 ಕಿಲೋಹರ್ಟ್ಸ್‌ನ ಚಿಕ್ಕ ಸೌಂಡರ್ ಒಂದು ಸಾಕು. ಒಂದು ನೆನಪಿಡು, ಅದು ನೋಡುವುದು ಬೋಟಿನ ಕೆಳಗೆ ಮಾತ್ರ. ಮುಂದಿನ ಬಂಡೆಯನ್ನು ಅದು ತೋರಿಸುವುದಿಲ್ಲ, ಅದಕ್ಕೆ ಹೊಳೆ ಬಲ್ಲವರ ಕಣ್ಣೇ ಬೇಕು.

ಮಡಿಕೇರಿ: ಕೊನೆಯದು ಸರ್. ಮಳೆಗಾಲದ ತಿಂಗಳುಗಳಲ್ಲಿ ಬೋಟ್ ಶೆಡ್ಡಿನಲ್ಲೇ ಇರುತ್ತದೆ. ಕನೆಕ್ಟರ್ ಹಾಗೇ ಬಿಡಬಹುದೇ?

ಉತ್ತರ: ಕೊಡಗಿನ ಮಳೆಗಾಲದ ತೇವದಲ್ಲಿ ತೆರೆದು ಬಿಟ್ಟರೆ ಪಿನ್ ಹಸಿರುಗಟ್ಟುತ್ತದೆ. 2000ರ ಕನೆಕ್ಟರ್ ಬಿಚ್ಚಬೇಡಿ, ಬಿಗಿಯಾಗಿ ತಿರುಗಿಸಿದ ಜೋಡಣೆಯೇ ಅದಕ್ಕೆ ರಕ್ಷಣೆ. ಡಿಸ್‌ಪ್ಲೇ ತೆಗೆದು ಒಳಗಿಟ್ಟರೆ ಅದರ ಡ್ರಾಪ್ ತುದಿಗೆ ಮುಚ್ಚಳ ಹಾಕಿ. 0183 ಕಡೆಯ ಕೈಜೋಡಣೆಯೇ ದುರ್ಬಲ ಜಾಗ: ಬರೀ ತಿರುಚಿ ಟೇಪ್ ಸುತ್ತಿದ್ದು ಒಂದು ಮಳೆಗಾಲ ಬಾಳುವುದಿಲ್ಲ. ತವರ ಲೇಪಿಸಿದ ವೈರ್, ಕ್ರಿಂಪ್, ಅದರ ಮೇಲೆ ಒಳಭಾಗದಲ್ಲಿ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ನೀರು ಹರಿದು ಒಳಗೆ ಹೋಗದಂತೆ ವೈರ್ ಕೆಳಗೆ ಬಾಗಿ ಮೇಲೇರುವ ಹಾಗೆ ಕಟ್ಟಿ. ಏಪ್ರಿಲ್, ಮೇ ಗುಡುಗಿನ ಸಮಯದಲ್ಲಿ ಬೋಟ್ ನೀರಿನಲ್ಲೇ ನಿಂತಿದ್ದರೆ ಸೌಂಡರ್ ಮತ್ತು ಜಾಲ ಎರಡರ ಪವರನ್ನೂ ಸ್ವಿಚ್ಚಿನಲ್ಲಿ ಆಫ್ ಮಾಡುವುದಷ್ಟೇ ಅಲ್ಲ, ಪ್ಲಸ್ ಮೈನಸ್ ಎರಡನ್ನೂ ಬಿಡಿಸಿ. ಮಳೆಗಾಲ ಮುಗಿದು ಬೋಟ್ ಇಳಿಸುವ ಮುಂಚೆ ಆ 60 ಓಮ್ ಅಳತೆ ಮತ್ತೆ ಮಾಡಿ, ಶೆಡ್ಡಿನಲ್ಲಿ ಇಲಿ ಬ್ಯಾಕ್‌ಬೋನಿನ ಸಿಗ್ನಲ್ ವೈರ್ ಕಡಿದಿದ್ದರೂ ಅದರಲ್ಲೇ ಸಿಗುತ್ತದೆ.