ಪದ ಬೇಕಾಗಿದೆ, ತುರ್ತು: ‘ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್’

ಎಲ್ಲರಿಗೂ ನಮಸ್ಕಾರ.

ಒಂದು ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 2025ರ ರಸಾಯನಶಾಸ್ತ್ರದ ನೊಬೆಲ್ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಮೂವರಿಗೆ ಬಂತಲ್ಲ, ಅವರು ಕಟ್ಟಿದ ವಸ್ತುವಿನ ಹೆಸರೇ ತಲೆಬರಹ. ‘ಲೋಹ-ಸಾವಯವ ಚೌಕಟ್ಟು’ ಅಂತ ಬರೆದಿಟ್ಟಿದ್ದೇನೆ, ಆದರೆ ಸಮಾಧಾನ ಇಲ್ಲ.

ವಸ್ತು ಏನು ಅಂತ ಎರಡು ಮಾತು. ಲೋಹದ ಅಯಾನುಗಳು ಗಂಟುಗಳ ಹಾಗೆ ನಿಲ್ಲುತ್ತವೆ. ಇಂಗಾಲ ಇರುವ ಅಣುಗಳು ಒಂದು ಗಂಟಿನಿಂದ ಇನ್ನೊಂದಕ್ಕೆ ಕೊಂಡಿಯಾಗುತ್ತವೆ. ಹೀಗೆ ಬೆಳೆದ ಹರಳಿನ ಒಳಗೆಲ್ಲ ಖಾಲಿ ಜಾಗ. ಅನಿಲವೋ ನೀರಾವಿಯೋ ಅಲ್ಲಿ ಹೋಗಿ ಸೇರುತ್ತದೆ, ಹೊರಗೂ ಬರುತ್ತದೆ.

ತೊಂದರೆ ಎರಡು. ‘ಸಾವಯವ’ ಅಂದ ಕೂಡಲೇ ಜನ ಗೊಬ್ಬರ, ಬೇಸಾಯ ಅಂದುಕೊಳ್ಳುತ್ತಾರೆ. ‘ಚೌಕಟ್ಟು’ ಅಂದರೆ ಬಾಗಿಲಿನದ್ದೋ ಪಟದ್ದೋ ನೆನಪಾಗುತ್ತದೆ. ಫಲಕದಲ್ಲಿ ಮೂರು ಪದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಬೇಗ ಹೇಳಿದರೆ ಉಪಕಾರ.

ಮೊದಲ ಉತ್ತರ

ನೀವು ಬರೆದಿರುವುದೇ ಸರಿ. ‘ಸಾವಯವ ರಸಾಯನಶಾಸ್ತ್ರ’ ಅಂತ ಎಲ್ಲರೂ ಶಾಲೆಯಲ್ಲಿ ಓದಿದ್ದಾರೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಎರಡನೇ ಉತ್ತರ

ಚರ್ಚೆಗೆ ಇದೆ. ‘ಚೌಕಟ್ಟು’ ಇಲ್ಲಿ ತಪ್ಪು ಪದ. ‘ಹಂದರ’ ಅನ್ನಿ.

ಚೌಕಟ್ಟು ಅಂಚನ್ನು ಹೇಳುತ್ತದೆ. ಸುತ್ತ ಪಟ್ಟಿ, ನಡುವೆ ಬೇರೆ ಯಾವುದೋ ವಸ್ತು. ಈ ಹರಳಿಗೆ ಅಂಥ ಅಂಚು ಮುಖ್ಯವೇ ಅಲ್ಲ, ಒಳಗೆ ಎಲ್ಲ ದಿಕ್ಕಿಗೂ ಅದೇ ಕಟ್ಟು ಮುಂದುವರಿಯುತ್ತದೆ. ಬಳ್ಳಿ ಹಬ್ಬಿಸುವ ಹಂದರ ನೋಡಿ. ಕೋಲುಗಳು, ಕೋಲು ಸೇರುವ ಕಡೆ ಗಂಟುಗಳು, ಉಳಿದದ್ದೆಲ್ಲ ಬಯಲು. ಆ ಬಯಲಿಗಾಗಿಯೇ ಹಂದರ ಕಟ್ಟುವುದು. ಈ ಸಂಶೋಧನೆಯ ಕತೆಯೂ ಖಾಲಿ ಜಾಗದ ಕತೆಯೇ ಅಲ್ವಾ? 1989ರಲ್ಲಿ ರಾಬ್ಸನ್ ತಾಮ್ರದ ಅಯಾನುಗಳನ್ನು ನಾಲ್ಕು ತೋಳಿನ ಅಣುವಿನ ಜೊತೆ ಸೇರಿಸಿದರು. ವಜ್ರದ ಹಾಗೆ ಜೋಡಿಸಿಕೊಂಡ, ಆದರೆ ಒಳಗೆ ದೊಡ್ಡ ದೊಡ್ಡ ಪೊಳ್ಳು ಇರುವ ಹರಳು ಬಂತು. ಅದು ಸುಲಭವಾಗಿ ಕುಸಿಯುತ್ತಿತ್ತು. 1997ರಲ್ಲಿ ಕಿಟಗಾವಾ ಅವರ ತಂಡದ ಹರಳಿನಲ್ಲಿ ಮೀಥೇನ್, ಸಾರಜನಕ, ಆಮ್ಲಜನಕ ಒಳಗೆ ಹೋಗಿ ಹೊರಗೆ ಬಂದವು, ಹರಳು ಕುಸಿಯಲಿಲ್ಲ. 1999ರಲ್ಲಿ ಯಾಘಿ ಅವರ ‘ಎಂಓಎಫ್-5’ ಬಂತು (ಎಂಓಎಫ್ ಅಂದರೆ ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್‌ನ ಇಂಗ್ಲಿಷ್ ಮೊದಲಕ್ಷರಗಳು). ಒಳಗಿನದ್ದನ್ನೆಲ್ಲ ತೆಗೆದು ಖಾಲಿ ಮಾಡಿ, 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೂ ಅದು ನಿಂತಿತು. ಅದರ ಕೆಲವೇ ಗ್ರಾಂ ಪುಡಿಯ ಒಳಮೈಯನ್ನು ಬಿಡಿಸಿ ಹಾಸಿದರೆ ಒಂದು ಫುಟ್ಬಾಲ್ ಮೈದಾನದಷ್ಟಾಗುತ್ತದೆ. ಚೌಕಟ್ಟು ಅನ್ನುವ ಪದದಲ್ಲಿ ಈ ಬಯಲು ಎಲ್ಲಿದೆ?

ಇನ್ನೊಂದು ವಿಷಯ. ಕಿಟಗಾವಾ ಮುಂದೆ ಮೆತ್ತಗಿನ ಹರಳುಗಳನ್ನೂ ಮಾಡಿ ತೋರಿಸಿದರು. ತುಂಬಿದಾಗ ಒಂದು ಆಕಾರ, ಖಾಲಿಯಾದಾಗ ಇನ್ನೊಂದು. ಹಂದರ ಬಾಗಬಹುದು. ಚೌಕಟ್ಟು ಬಾಗಿದರೆ ಕೆಟ್ಟಿತು ಅನ್ನುತ್ತೇವೆ.

ಪದವೂ ಹಳೆಯದು. ಹಳಗನ್ನಡದ ‘ಪಂದರ್’, ಪಾಲು ಹಾಲಾದ ಹಾಗೆ ಹಂದರ ಆಗಿದೆ. ತಮಿಳು, ಮಲಯಾಳಂಗಳಲ್ಲಿ ಪಂದಲ್. ‘ಎಲುಬಿನ ಹಂದರ’ ಅಂತ ಎಲ್ಲರೂ ಬರೆಯುತ್ತಾರೆ, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಉತ್ತರಿಸಿದವರು

ಚೌ ಅಂದರೆ ನಾಲ್ಕು. ರಾಬ್ಸನ್ ಅವರ ಅಣುವಿಗೂ ನಾಲ್ಕು ತೋಳು ಅಂತ ನೀವೇ ಬರೆದಿದ್ದೀರಿ. ಚೌಕಟ್ಟು ಹೊಂದುತ್ತದೆ.

ಎರಡನೆಯವರು

ಎಂಓಎಫ್-5ರಲ್ಲಿ ಸತುವಿನ ಒಂದೊಂದು ಗಂಟಿನಿಂದ ಆರು ಕೊಂಡಿಗಳು ಹೊರಡುತ್ತವೆ. ನಾಲ್ಕರ ಲೆಕ್ಕ ಅಲ್ಲಿಗೇ ಮುಗಿಯಿತು.

ಮೂರನೇ ಉತ್ತರ

ಹಂದರಕ್ಕೆ ನನ್ನದೂ ಒಪ್ಪಿಗೆ. ಆದರೆ ‘ಸಾವಯವ’ ಯಾಕೆ ಇಟ್ಟುಕೊಳ್ಳಬೇಕು? ಸಂಸ್ಕೃತದ ಗಂಟನ್ನು ಎಷ್ಟು ದಿನ ಹೊರುವುದು? ‘ಲೋಹ-ಇಂಗಾಲ ಹಂದರ’ ಅನ್ನಿ. ಇಂಗಾಲ ಅಚ್ಚಗನ್ನಡ, ಅರ್ಥವೂ ನೇರ. ಅವಯವ ಇರುವುದು ಸಾವಯವ. ಈ ಹರಳಿಗೆ ಯಾವ ಅವಯವ ಇದೆ? 1828ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ವೋಲರ್ ಅಮೋನಿಯಂ ಸಯನೇಟ್‌ನಿಂದ ಯೂರಿಯಾ ಮಾಡಿದರು. ಜೀವಿಗಳ ಮೈಯಲ್ಲಿ ಮಾತ್ರ ಆಗುತ್ತದೆ ಅಂದುಕೊಂಡಿದ್ದ ವಸ್ತು ಪ್ರಯೋಗಶಾಲೆಯಲ್ಲಿ ಬಂತು. ಆಗಲೇ ಆ ಪದದ ಹಳೆಯ ಅರ್ಥ ಹೋಯಿತು. ಹಿಂದಿಯವರು ‘ಕಾರ್ಬನಿಕ್’ ಅನ್ನುತ್ತಾರೆ, ನಾವಿನ್ನೂ ಅವಯವ ಹಿಡಿದು ಕೂತಿದ್ದೇವೆ.

ನಾಲ್ಕನೇ ಉತ್ತರ

ಇಂಗಾಲ ಅಚ್ಚಗನ್ನಡ ಅಲ್ಲ. ಸಂಸ್ಕೃತದ ಅಂಗಾರ ಪ್ರಾಕೃತದಲ್ಲಿ ಇಂಗಾಲ ಆಗಿ ನಮಗೆ ಬಂದದ್ದು. ಇರಲಿ, ತದ್ಭವವೂ ನಮ್ಮದೇ.

ಅದಕ್ಕಿಂತ ದೊಡ್ಡ ತಪ್ಪು ರಸಾಯನದ್ದು. ಲೋಹ, ಇಂಗಾಲ ಎರಡೇ ಹೇಳಿದರೆ ಉಕ್ಕು ಕೂಡ ಅದೇ. ಕಬ್ಬಿಣದ ಜೊತೆ ಇಂಗಾಲ ಸೇರಿದರೆ ಉಕ್ಕಲ್ಲವೇ? ಕಾರ್ಬೈಡ್‌ಗಳೂ ಇವೆ. ಎಂಓಎಫ್‌ನಲ್ಲಿ ಇರುವುದು ಬಿಡಿ ಇಂಗಾಲ ಅಲ್ಲ. ಜಲಜನಕ, ಆಮ್ಲಜನಕ ಎಲ್ಲ ಸೇರಿದ ಇಡೀ ಅಣು. ಆ ಜಾತಿಯ ಅಣುಗಳಿಗೆ ಕನ್ನಡದಲ್ಲಿ ಇರುವ ಹೆಸರು ಸಾವಯವ ಒಂದೇ. ಬೇಸಾಯದವರೂ ಅದನ್ನೇ ಬಳಸಿದರೆ ಬಳಸಲಿ. ಇಂಗ್ಲಿಷಿನಲ್ಲೂ ಒಂದೇ ಪದ ಎರಡೂ ಕಡೆ ಇದೆ, ಯಾರೂ ಗೋಳಾಡುತ್ತಿಲ್ಲ.

ಮೂರನೆಯವರು

ಇಂಗ್ಲಿಷಿನವರು ಸಹಿಸಿಕೊಂಡರು ಅಂತ ನಾವೂ ಸಹಿಸಬೇಕೇ? ಇದೇ ನಮ್ಮ ರೋಗ.

ಐದನೇ ಉತ್ತರ

ಇಷ್ಟೆಲ್ಲ ಯಾಕೆ? ‘ಎಂಓಎಫ್’ ಅಂತ ಬರೆಯಿರಿ. ಈ ಕೆಲಸ ಮಾಡುವವರು ಬಾಯಲ್ಲಿ ಅನ್ನುವುದು ಅಷ್ಟೇ. ಅಯಾನು, ಪ್ಲಾಸ್ಟಿಕ್, ಪಾಲಿಮರ್ ಯಾವುದನ್ನೂ ನಾವು ಕಟ್ಟಲಿಲ್ಲ, ತಂದುಕೊಂಡೆವು, ಚೆನ್ನಾಗಿಯೇ ಬದುಕಿವೆ.

ಕಟ್ಟಿದ ಪದಗಳ ಗತಿ ನೋಡಿ. ‘ಆಮ್ಲಜನಕ’ ಅಂದರೆ ಆಮ್ಲವನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರಲೇಬೇಕು ಅಂತ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ ನಂಬಿದ್ದರು, ಆ ನಂಬಿಕೆಯಿಂದ ಹೆಸರಿಟ್ಟರು. 1810ರ ಹೊತ್ತಿಗೆ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಅದು ತಪ್ಪು ಅಂತ ತೋರಿಸಿದರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಆಮೇಲೂ ನಾವು ಆ ಹೆಸರಿನ ಅರ್ಥ ಬಿಡಿಸಿ, ಆ ತಪ್ಪನ್ನು ಕನ್ನಡದಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದುಕೊಂಡೆವು. ಆಕ್ಸಿಜನ್ ಅಂತ ಇಟ್ಟುಕೊಂಡಿದ್ದರೆ ಮಕ್ಕಳಿಗೆ ಆ ತಪ್ಪು ಕಾಣುತ್ತಿರಲಿಲ್ಲ.

ಎರಡನೆಯವರು

ಆಮ್ಲಜನಕದ ಮಾತು ನಿಜ. ಆದರೆ ಅದರಿಂದ ಕಲಿಯಬೇಕಾದದ್ದು ಬೇರೆ. ಆ ಹೆಸರು ಒಂದು ಸಿದ್ಧಾಂತದ ಮೇಲೆ ನಿಂತಿತ್ತು, ಸಿದ್ಧಾಂತ ಬಿತ್ತು. ‘ಹಂದರ’ ಕಣ್ಣಿಗೆ ಕಾಣುವ ಕಟ್ಟಡವನ್ನು ಹೇಳುತ್ತದೆ. ಎಕ್ಸ್-ಕಿರಣ ಹಾಯಿಸಿ ಪರಮಾಣುಗಳ ಜಾಗ ಗುರುತಿಸಿದ್ದಾರೆ, ನಾಳೆ ಅದು ಬದಲಾಗುವುದಿಲ್ಲ. ಹೀಗಿರುವಾಗ ಕನ್ನಡದ ಪದಕ್ಕೆ ಹೆದರುವುದು ಯಾಕೆ?

ಮೂರು ಅಕ್ಷರದ ‘ಎಂಓಎಫ್’ ಫಲಕ ಓದುವವರಿಗೆ ಏನನ್ನೂ ಹೇಳುವುದಿಲ್ಲ. ಗೊತ್ತಿದ್ದವರಿಗೆ ಮಾತ್ರ ಅದು ಹೆಸರು. ಪ್ರದರ್ಶನಕ್ಕೆ ಬರುವವರು ಗೊತ್ತಿಲ್ಲದವರು. ಇನ್ನು ರಸಾಯನಶಾಸ್ತ್ರಜ್ಞರಲ್ಲೇ ಹೆಸರಿಗೆ ಒಮ್ಮತ ಇರಲಿಲ್ಲ. ಯಾಘಿ 1995ರಲ್ಲಿ ಈ ಹೆಸರು ಬಳಸಿದರು. ಕಿಟಗಾವಾ ಅವರ ಬರಹಗಳಲ್ಲಿ ‘ರಂಧ್ರಗಳಿರುವ ಕೋಆರ್ಡಿನೇಶನ್ ಪಾಲಿಮರ್’ (ಲೋಹಕ್ಕೆ ಅಣುಗಳು ಕೂಡಿ ಮತ್ತೆ ಮತ್ತೆ ಬೆಳೆದ ಕಟ್ಟು) ಅನ್ನುವ ಅರ್ಥದ ಹೆಸರು ಬರುತ್ತದೆ. ಅಂತರರಾಷ್ಟ್ರೀಯ ರಸಾಯನ ಒಕ್ಕೂಟ 2013ರಲ್ಲಿ ವ್ಯಾಖ್ಯೆ ಕೊಟ್ಟಾಗಲೂ ಒಳಗೆ ಖಾಲಿ ಜಾಗಕ್ಕೆ ಅವಕಾಶ ಇರಬೇಕು ಅನ್ನುವುದನ್ನು ಸೇರಿಸಿತು. ಮತ್ತೆ ಅದೇ ಬಯಲು.

‘ಸಾವಯವ’ ಇರಲಿ. ಅದನ್ನು ಬದಲಿಸುವುದು ಒಂದು ರಾತ್ರಿಯ ಕೆಲಸ ಅಲ್ಲ.

ನಾಲ್ಕನೆಯವರು

ಲೋಹ, ಸಾವಯವ ಸಂಸ್ಕೃತ. ಹಂದರ ಕನ್ನಡ. ಎರಡು ಭಾಷೆ ಬೆರೆತ ಸಮಾಸ, ಅಂದರೆ ಅರಿಸಮಾಸ ಆಗುತ್ತದೆ, ಅದನ್ನು ಯಾರೂ ಎತ್ತಲಿಲ್ಲ.

ಐದನೆಯವರು

‘ಅಣುಬಾಂಬು’ ಅನ್ನುವಾಗ ಯಾರೂ ಎತ್ತಲಿಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ‘ಲೋಹ-ಸಾವಯವ ಹಂದರ’ ಅಂತ ಅಚ್ಚಿಗೆ ಕೊಡುತ್ತಿದ್ದೇನೆ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಎಂಓಎಫ್’ ಇರುತ್ತದೆ, ಮುಂದೆ ಹುಡುಕಿ ಓದುವವರಿಗೆ ಬೇಕಾಗುತ್ತದೆ. ‘ಸಾವಯವ ಅಂದರೆ ಇಲ್ಲಿ ಇಂಗಾಲ ಮುಖ್ಯವಾಗಿರುವ ಅಣುಗಳು’ ಅಂತ ಮೊದಲ ಸಾಲಿನಲ್ಲೇ ಸೇರಿಸಿದ್ದೇನೆ. ಗಂಟು, ಕೊಂಡಿ ಎರಡೂ ಪದಗಳನ್ನು ಚಿತ್ರದ ಪಕ್ಕದಲ್ಲೇ ಬರೆಯುತ್ತೇನೆ. ಒಂದೇ ಅನುಮಾನ: ಲೋಹ, ಸಾವಯವ ನಡುವಿನ ಅಡ್ಡಗೆರೆ ಬೇಕೇ?

ಎರಡನೆಯವರು

ಬೇಕು. ಗೆರೆ ತೆಗೆದರೆ ‘ಸಾವಯವ ಹಂದರ’ ಒಂದು ಕಡೆ, ಲೋಹ ಇನ್ನೊಂದು ಕಡೆ ಅಂತ ಓದಿಕೊಳ್ಳುತ್ತಾರೆ. ಎರಡೂ ಸೇರಿಯೇ ಹಂದರ ನಿಲ್ಲುವುದು.

ಮೂರನೆಯವರು

ಗೆರೆ ಇರಲಿ. ‘ಸಾವಯವ’ದ ಬಗ್ಗೆ ನನ್ನ ಆಕ್ಷೇಪವೂ ಇರಲಿ. ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.