ಅಜ್ಜನ ಪೆಟ್ಟಿಗೆಯ ಮೇಲಿನ 41: ಮುಂಬೈಯ ಗೋವಾ ಕೂಡ್‌ಗಳ ಬಗ್ಗೆ ತಿಳಿದವರಿದ್ದೀರಾ?

ಪ್ರಶ್ನೆ (ಕಾರವಾರದಿಂದ):
ನನ್ನ ತಾಯಿಯ ತಂದೆ ದಕ್ಷಿಣ ಗೋವೆಯ ಸಾಸಷ್ಟಿಯವರು, ಹಡಗಿನಲ್ಲಿ ಅಡುಗೆ ಮಾಡುತ್ತಿದ್ದರು. ಹಡಗು ಇಳಿದಾಗಲೆಲ್ಲ ಮುಂಬೈಯ ಧೋಬಿ ತಲಾವ್‌ನಲ್ಲಿದ್ದ ತಮ್ಮೂರಿನವರ ‘ಕೂಡ್’ನಲ್ಲಿ, ಅಂದರೆ ಊರಿನವರೆಲ್ಲ ಒಟ್ಟಾಗಿ ಇರುವ ವಸತಿಯಲ್ಲಿ, ತಂಗುತ್ತಿದ್ದರಂತೆ. ಅವರ ಮರದ ಪೆಟ್ಟಿಗೆ ಈಗ ನನ್ನ ಬಳಿ ಇದೆ. ಮುಚ್ಚಳದ ಒಳಗೆ ಯೇಸುವಿನ ತಾಯಿ ಮರಿಯಮ್ಮನವರ ಚಿತ್ರ, ಹೊರಗೆ ಬಿಳಿ ಬಣ್ಣದಲ್ಲಿ 41. ಏನಿದು?

ಉತ್ತರ 1 (ಮಂಗಳೂರು):
1984ರಲ್ಲಿ ಗೆಳೆಯನನ್ನು ನೋಡಲು ಅಂಥದ್ದೊಂದು ಕೂಡ್‌ಗೆ ಹೋಗುತ್ತಿದ್ದೆ. ಒಂದೇ ದೊಡ್ಡ ಕೋಣೆ, ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಪೆಟ್ಟಿಗೆ ಇಟ್ಟಷ್ಟು ಜಾಗವೇ ಅವರ ಮನೆ. ರಾತ್ರಿ ಅದರ ಮುಂದೆಯೇ ಚಾಪೆ ಬಿಡಿಸುತ್ತಿದ್ದರು. ನಾನು ಕಂಡ ಕೂಡ್‌ನಲ್ಲಿ ಪೆಟ್ಟಿಗೆಗೆ ಸದಸ್ಯರ ಸಂಖ್ಯೆ ಬರೆಯುತ್ತಿದ್ದರು. ನಿಮ್ಮ 41 ಕೂಡ ಅದೇ ಇರಬೇಕು. ಸಂಜೆ ಎಲ್ಲರೂ ಪೀಠದ ಮುಂದೆ ಮೊಣಕಾಲೂರಿ ಕೊಂಕಣಿಯಲ್ಲಿ ಜಪಸರ ಹೇಳುವಾಗ ಬೀದಿಯ ಗದ್ದಲವೇ ಮರೆತುಹೋಗುತ್ತಿತ್ತು.

ಉತ್ತರ 2 (ಮಡಗಾಂವ್):
ಪೋರ್ಚುಗೀಸರ ಕಾಲದಲ್ಲಿ ಊರಿನಲ್ಲಿ ಕೆಲಸವಿರಲಿಲ್ಲ. ಅಡುಗೆಯವರು, ಸಂಗೀತಗಾರರು, ಹಡಗಿನ ಆಳುಗಳು ಮುಂಬೈಗೆ ಬಂದರು. ಒಂದೊಂದು ಹಳ್ಳಿಗೆ ಒಂದೊಂದು ಕೂಡ್, ಊರಿನ ಸಂತನ ಹಬ್ಬವೂ ಅಲ್ಲೇ. ಮಳೆಗಾಲದಲ್ಲಿ ಗೋವೆಯ ಸ್ಟೀಮರ್ ನಿಲ್ಲುತ್ತಿದ್ದುದರಿಂದ ಆಷಾಢದಲ್ಲಿ ಮನೆಯ ನೆನಪಾದರೂ ಸಮುದ್ರದ ದಾರಿ ಮುಚ್ಚಿರುತ್ತಿತ್ತು. ದಯವಿಟ್ಟು ಆ ಪೆಟ್ಟಿಗೆಗೆ ಹೊಸ ಬಣ್ಣ ಬಳಿಯಬೇಡಿ. ಹಳ್ಳಿಯ ಹೆಸರು ತಿಳಿದರೆ ಕೂಡ್ ಹುಡುಕಬಹುದು, ಕೆಲವು ಇಂದಿಗೂ ಇವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಬಣ್ಣ ಮುಟ್ಟುವುದಿಲ್ಲ. ಹಳ್ಳಿಯ ಹೆಸರನ್ನು ಅಮ್ಮನ ಬಳಿ ಇಂದೇ ಕೇಳುತ್ತೇನೆ.