‘ಕೋಶೀಯ’ ಅಂದರೆ ಏನು? ಜೊತೆಗೆ ಗುಲ್ಮ, ತಿಲ್ಲಿ

ಕಲಬುರಗಿಯಲ್ಲಿ ಬಿ.ಎಸ್ಸಿ. ಮಕ್ಕಳಿಗಾಗಿ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೊಸ ಆರ್‌ಎನ್‌ಎ ಲಸಿಕೆಗಳನ್ನು ಇಲಿಗಳಲ್ಲಿ ಹೇಗೆ ಪರೀಕ್ಷಿಸುತ್ತಾರೆ ಎಂಬ ಪಾಠ. ‘ಸೆಲ್ಯುಲರ್ ಇಮ್ಯೂನ್ ರೆಸ್ಪಾನ್ಸ್’ ಎಂಬಲ್ಲಿ ‘ಕೋಶೀಯ ಪ್ರತಿರಕ್ಷಣಾ ಪ್ರತಿಕ್ರಿಯೆ’ ಎಂದು ಬರೆದೆ. ಓದಿದ ಹುಡುಗಿಯೊಬ್ಬಳು, ‘ಇದು ಕೋಶದ ಒಳಗ ಆಗೋದಾ ಸರ್?’ ಎಂದಳು.

ಅವಳ ತಪ್ಪಲ್ಲ. ಪ್ರತಿಕಾಯಗಳನ್ನು (ಆಂಟಿಬಾಡಿ) ಮಾಡುವುದೂ ಕೋಶಗಳೇ ಅಲ್ವಾ? ಹಾಗಿದ್ದರೆ ಅದೂ ಕೋಶೀಯವೇ ಆಗಬೇಕಿತ್ತು. ಇಂಗ್ಲಿಷ್ ಪದದ ಬೆನ್ನಿಗೆ ಒಂದು ಹಳೆಯ ಜಗಳವಿದೆ. ನಮ್ಮನ್ನು ಕಾಯುವುದು ರೋಗಾಣು ನುಂಗುವ ಕೋಶಗಳು ಎಂದವರು ವಿಜ್ಞಾನಿ ಮೆಚ್ನಿಕಾಫ್. ರಕ್ತದ ದ್ರವದಲ್ಲಿರುವ ವಸ್ತುಗಳು ಎಂಬ ಕಡೆ ಎರ್ಲಿಕ್. 1908ರ ನೊಬೆಲ್ ಇಬ್ಬರಿಗೂ ಹಂಚಿಹೋಯಿತು, ಪದಗಳು ಮಾತ್ರ ಹಾಗೇ ಉಳಿದವು. ಈಗ ಲಸಿಕೆಯವರು ಈ ಪದ ಬಳಸಿದರೆ ಅವರ ಮನಸ್ಸಿನಲ್ಲಿರುವುದು ಜಾಸ್ತಿ ಟಿ ಕೋಶಗಳೇ, ಅಂದರೆ ಸೋಂಕು ತಗುಲಿದ ಕೋಶಗಳನ್ನು ಗುರುತಿಸುವ ಬಿಳಿ ರಕ್ತಕಣಗಳು. ಹಾಗಾಗಿ ‘ಟಿ ಕೋಶಗಳ ಸ್ಪಂದನೆ’ ಎಂದು ಬರೆಯಲೇ? ‘ಪ್ರತಿಕ್ರಿಯೆ’ ಈಚೆಗೆ ಪತ್ರಕರ್ತರಿಗೆ ಮಂತ್ರಿಗಳು ಕೊಡುವಂಥದ್ದಾಗಿದೆ.

ಇನ್ನೊಂದು ಪದ ಗುಲ್ಮ, ಅಂದರೆ ಹೊಟ್ಟೆಯ ಎಡಬದಿಯ ಅಂಗ ‘ಸ್ಪ್ಲೀನ್’. ಲಸಿಕೆ ಕೊಟ್ಟು ಕೆಲವು ವಾರ ಬಿಟ್ಟು ಇಲಿಯನ್ನು ಕೊಂದು ಗುಲ್ಮ ತೆಗೆಯುತ್ತಾರೆ. (ಲ್ಯಾಬಿನವರು ‘ಸ್ಯಾಕ್ರಿಫೈಸ್’ ಎನ್ನುತ್ತಾರೆ. ‘ಬಲಿ’ ಎಂದರೆ ಜಾತ್ರೆ ನೆನಪಾಗುತ್ತದೆ, ಅದಕ್ಕೆ ಸುಮ್ನೆ ‘ಕೊಂದು’ ಎಂದೇ ಇಟ್ಟೆ.) ಅದರ ಕೋಶಗಳನ್ನು ಬಿಡಿಸಿ, ತಟ್ಟೆಯ ಸಣ್ಣ ಗುಳಿಗಳಲ್ಲಿ ವೈರಸ್ ಪ್ರೋಟೀನಿನ ತುಣುಕುಗಳ ಜೊತೆ ಬಿಡುತ್ತಾರೆ. ಗುರುತು ಹಿಡಿದ ಟಿ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನನ್ನು ಸುರಿಸುತ್ತದೆ. ತಟ್ಟೆಯ ತಳಕ್ಕೆ ಹಚ್ಚಿದ ಪ್ರತಿಕಾಯ ಅದನ್ನು ಅಲ್ಲೇ ಹಿಡಿದಿಡುತ್ತದೆ. ಬಣ್ಣ ಬರಿಸಿದರೆ ಒಂದು ಕೋಶಕ್ಕೆ ಒಂದು ಚುಕ್ಕೆ. ಇದೇ ಎಲಿಸ್ಪಾಟ್ ಪರೀಕ್ಷೆ. ‘ಸ್ಪಾಟ್’ಗೆ ಕೆಲವರು ‘ಕಲೆ’ ಎನ್ನುತ್ತಾರೆ. ಕಲೆಯನ್ನು ತೊಳೆಯುತ್ತೇವೆ, ಚುಕ್ಕೆಯನ್ನು ಎಣಿಸುತ್ತೇವೆ. ನನ್ನ ವೋಟು ಚುಕ್ಕೆಗೆ.

ಗುಲ್ಮಕ್ಕೆ ಪೊದೆ ಎಂಬ ಅರ್ಥವೂ ಇದೆ, ಹೊಟ್ಟೆಯ ಗಡ್ಡೆ ಎಂಬುದೂ ಇದೆ. ಸೈನ್ಯದ ಒಂದು ತುಕಡಿಗೂ ಅದೇ ಹೆಸರು: 9 ಆನೆ, 9 ರಥ, 27 ಕುದುರೆ, 45 ಕಾಲಾಳು. ಟಿ ಕೋಶಗಳು ಬೀಡುಬಿಟ್ಟ ಅಂಗಕ್ಕೆ ಈ ಹೆಸರು ತಾನಾಗಿ ಕೂತಿದೆ, ನನಗಂತೂ ಖುಷಿ. ಆದರೆ ಮಕ್ಕಳಿಗೆ ಗೊತ್ತಿರುವುದು ಮಟನ್ ಅಂಗಡಿಯ ‘ತಿಲ್ಲಿ’. ಆ ಪದ ಹೇಳಿದ್ದೇ ತಡ, ಇಡೀ ತರಗತಿ ತಲೆಯಾಡಿಸಿತು. ಪಾಠದಲ್ಲಿ ‘ಗುಲ್ಮ, ಅಂದರೆ ತಿಲ್ಲಿ’ ಎಂದು ಬರೆದರೆ ಮೈಸೂರು ಕಡೆಯವರಿಗೆ ತೊಡಕಾದೀತೇ? ಬೀದರ್, ಯಾದಗಿರಿ ಕಡೆ ಕುರಿ ಸಾಕುವವರ ಬಾಯಲ್ಲಿ ಇದಕ್ಕೆ ಬೇರೆ ಅಚ್ಚಗನ್ನಡ ಪದ ಕೇಳಿದ್ದರೆ ದಯವಿಟ್ಟು ತಿಳಿಸಿ.